ನಾಲ್ಕನೆಯ ಚೌಕದ ನೋಟ

ಸಂಜೆ ಐದು ಗಂಟೆಯೊಳಗೆ ನಾಯಕಿಯ ಕಣ್ಣನ್ನು ಎಡಕ್ಕೆ ತಿರುಗಿಸಬೇಕಿತ್ತು. ಕೆಲಸ ಇಷ್ಟೇ. ಹಳೆಯ ಪಾಪೆಗಳ ಮೇಲೆ ಬಿಳಿ ಬಣ್ಣ ಹಚ್ಚಿ, ಅದು ಒಣಗಿದ ಮೇಲೆ ಹೊಸ ಪಾಪೆ ಬರೆದು, ಒಂದೊಂದರಲ್ಲೂ ಬೆಳಕಿನ ಚುಕ್ಕೆಯೊಂದನ್ನು ಬಿಟ್ಟರೆ ಮುಗಿಯಿತು. ಹದಿನೈದು ನಿಮಿಷದ ಕೆಲಸವೆಂದು ಸಂಪಾದಕಿ ಹೇಳಿದ್ದರು, ಅದು ಸುಳ್ಳೂ ಅಲ್ಲ. ಆದರೆ ಹತ್ತಕ್ಕೆ ಬಂದು ಮೇಜಿನ ಮುಂದೆ ಕೂತವಳು ಹನ್ನೆರಡಾದರೂ ಮಸಿ ಬಾಟಲಿಯ ಮುಚ್ಚಳ ತೆಗೆದಿರಲಿಲ್ಲ. ನಿಬ್ಬುಗಳನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು, ಮೇಜಿನ ಮೇಲಿದ್ದ ಕಂದು ಲಕೋಟೆಯನ್ನು ಒಮ್ಮೆ ಅತ್ತ ಒಮ್ಮೆ ಇತ್ತ ಸರಿಸಿದಳು. ಲಕೋಟೆಯೊಳಗೆ ಹತ್ತು ತಿಂಗಳ ಹಿಂದಿನ ಮೂಲ ಪುಟವಿತ್ತು. ಹನ್ನೊಂದನೆಯ ಪುಟ, ಅದರಲ್ಲಿ ನಾಲ್ಕನೆಯ ಚೌಕ. ಅಚ್ಚಾದ ಮೇಲೆ ಮೂಲ ಪುಟಗಳೆಲ್ಲ ಸಂಪಾದಕಿಯ ಕಬ್ಬಿಣದ ಬೀರು ಸೇರುತ್ತಿದ್ದುದರಿಂದ ಅವಳು ಅದನ್ನು ಮತ್ತೆ ಕಂಡಿರಲಿಲ್ಲ, ಕಾಣುವ ಆಸೆಯೂ ಇರಲಿಲ್ಲ. ತಪ್ಪು ಮಾಡಿದವರಿಗೆ ತಪ್ಪು ನೆನಪಿದ್ದರೆ ಸಾಲದೇ, ಕಣ್ಣಾರೆ ಬೇರೆ ನೋಡಬೇಕೇ.

ಕಚೇರಿಯಲ್ಲಿ ಎಲ್ಲರೂ ಅವಳನ್ನು ಮಸಿಯಕ್ಕ ಎನ್ನುತ್ತಿದ್ದರು, ಐವತ್ತೈದು ದಾಟಿದ ಸಂಪಾದಕಿಯೂ ಸೇರಿ. ವಾರಕ್ಕೊಮ್ಮೆ ಹೊರಡುವ ಪತ್ರಿಕೆಯ ಮಾಂಗಾಕ್ಕೆ, ಅಂದರೆ ಜಪಾನೀ ಶೈಲಿಯ ಚಿತ್ರಕತೆಗೆ, ಕೊನೆಯಲ್ಲಿ ಮಸಿ ಹಾಕುವವಳು ಅವಳು. ಮೂರು ಮೇಜುಗಳ ಕೋಣೆ. ಎಡಗಡೆಯ ಮೇಜು ಮೇಷ್ಟ್ರದು. ಹಿಂದೆ ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಪೆನ್ಸಿಲಿನಲ್ಲಿ ಮನುಷ್ಯರನ್ನು ಬರೆಯುವವನು ಅವನು. ಬಲಗಡೆಯ ಮೇಜಿನವನು ಮನೆ, ಮೆಟ್ಟಿಲು, ಬೀದಿ, ಮುಖ್ಯವಾಗಿ ಕಿಟಕಿಗಳನ್ನು ಬರೆಯುತ್ತಿದ್ದ. ಅವನ ಹೆಸರೇ ಕಿಟಕಿ. ಅವನ ಮೇಜು ಮಾತ್ರ ಬರೀ ಗೋಡೆಗೆ ಮುಖ ಮಾಡಿತ್ತು, ಆ ತಮಾಷೆಗೆ ಈಗ ಯಾರೂ ನಗುತ್ತಿರಲಿಲ್ಲ. ಪುಟ ಮೊದಲು ಅವಳ ಎಡದಿಂದ ಬಲಕ್ಕೆ ಹೋಗಿ ಆಮೇಲೆ ನಡುವಿನ ಅವಳ ಮೇಜಿಗೆ ಬರುತ್ತಿತ್ತು. ಮೇಷ್ಟ್ರು ಕಣ್ಣುಗಳನ್ನು ಮಾತ್ರ ಖಾಲಿ ಬಿಡುತ್ತಿದ್ದ, ಬರಿಯ ಎರಡು ಬಾದಾಮಿ ಆಕಾರ. ಪಕ್ಕದಲ್ಲಿ ತಿಳಿನೀಲಿ ಪೆನ್ಸಿಲಿನಿಂದ ಒಂದು ಪುಟ್ಟ ಬಾಣ: ಎಡಕ್ಕೆ, ಬಲಕ್ಕೆ, ಕೆಳಕ್ಕೆ. ಆ ನೀಲಿ ಅಚ್ಚಿನಲ್ಲಿ ಮೂಡುವುದಿಲ್ಲವಾದ್ದರಿಂದ ಯಾರೂ ಅದನ್ನು ಅಳಿಸುತ್ತಿರಲಿಲ್ಲ. ಬಾಣ ಎತ್ತ ತೋರಿಸಿತೋ ಅತ್ತ ಅವಳು ಪಾಪೆ ಹಾಕುತ್ತಿದ್ದಳು. ಐದು ವರ್ಷ, ವಾರ ತಪ್ಪದೆ, ನಾಯಕಿ ಬಾಣ ಹೇಳಿದತ್ತ ನೋಡಿದ್ದಳು, ಒಂದೇ ಒಂದು ಸಲ ಬಿಟ್ಟು.

ಬೆಳಿಗ್ಗೆ ಮನೆ ಬಿಡುವಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತು, ಮಸಿ ಬಳಿಯೋಕೆ ಹೊರಟ್ಯಾ, ಇವತ್ತಾದ್ರೂ ಕೈಯ ಕಪ್ಪು ಉಜ್ಜಿಕೊಂಡು ಹೋಗು, ಆರು ಗಂಟೆಗೆ ಮನೆ ನೋಡುವಾಗ ಮೇಷ್ಟ್ರ ಅಮ್ಮನೂ ಇರುತ್ತಾರೆ ಎಂದಿದ್ದಳು. ಮದುವೆಯಾದ ಮೇಲೆ ಇರಲೆಂದು ಮೇಷ್ಟ್ರು ಎರಡು ಕೋಣೆಯ ಮನೆಯೊಂದನ್ನು ನೋಡಿಟ್ಟಿದ್ದ. ಅವಳು ಒಪ್ಪಿದರೆ ನಾಳೆಯೇ ಬೀಗದ ಕೈ. ನಾಲ್ಕು ವರ್ಷದ ಹಿಂದೆ ಬಸ್ಸಿಗೆ ಕಾಯುತ್ತ ನಿಂತಾಗ ಅವನು, ನೀವು ಒಪ್ಪಿದರೆ ಮನೆಯಲ್ಲಿ ಮಾತಾಡಿಸಬೇಕು ಅಂತಿದ್ದೀನಿ ಎಂದಿದ್ದ; ಬಸ್ಸು ಬಂದುಬಿಟ್ಟಿತ್ತು; ಅವಳು ಹತ್ತುವ ಅವಸರದಲ್ಲಿ ಹೂಂ ಎಂದಿದ್ದಳು. ಆ ಹೂಂ ಸುಳ್ಳಾಗಿರಲಿಲ್ಲ. ಅವನಂಥ ಒಳ್ಳೆಯವನನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ. ಬಿಸ್ಕತ್ತು ಮುರಿದರೆ ದೊಡ್ಡ ತುಂಡು ಅವಳಿಗೆ. ಅವಳ ಪೆನ್ಸಿಲುಗಳನ್ನು ಕೇಳದೆಯೇ ಚೂಪು ಮಾಡಿಡುತ್ತಿದ್ದ. ಜ್ವರ ಬಂದ ದಿನ ಅವಳ ಪಾಲಿನ ಪುಟಗಳಿಗೆ ತಾನೇ ಮಸಿ ಹಾಕಿ, ಅವಳ ಕೈಯ ಗೆರೆಯ ಹಾಗೆಯೇ ಕಾಣಬೇಕೆಂದು ಒದ್ದಾಡಿದ್ದ. ನಾಲ್ಕು ವರ್ಷದಲ್ಲಿ ಅವಳಿಗೆ ಅವನ ಮೇಲೆ ಒಂದು ದಿನವೂ ಸಿಟ್ಟು ಬಂದಿರಲಿಲ್ಲ. ಸಿಟ್ಟೇ ಬರದ ಗಂಡಸಿನ ಜೊತೆ ಬದುಕುವುದು ಎಷ್ಟು ಸುಖ ಎಂದು ಅಮ್ಮ ಹೇಳಿದಾಗ ತಲೆಯಾಡಿಸಿದ್ದಳು. ಅವನ ಪಕ್ಕದಲ್ಲಿ ಕೂತರೆ ನಿದ್ದೆ ಬಂದ ಹಾಗಾಗುತ್ತದೆ ಎಂಬುದನ್ನು ಯಾರಿಗೆ ಹೇಳುವುದು? ಹೇಳಿದರೂ ಅದು ದೂರಿನ ಹಾಗೆ ಕೇಳುತ್ತಿರಲಿಲ್ಲ.

ನಾಯಕಿಯನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಗ್ರಂಥಾಲಯದಲ್ಲಿ ಕೆಲಸ ಮಾಡುವ ಆ ಹುಡುಗಿಯ ಹಿಂದೆ ಇಬ್ಬರು: ಒಬ್ಬ ಕನ್ನಡಕದವನು, ಒಬ್ಬ ಸೈಕಲ್ಲಿನವನು. ಪ್ರತಿ ವಾರ ಮೋಡದಾಕಾರದ ಗುಳ್ಳೆಯೊಳಗೆ ಅವಳ ಚಿಂತೆಗಳು ಮೂಡುತ್ತಿದ್ದವು. ಇವನಿಗೆ ನೋವು ಕೊಡಲಾರೆ, ಅವನನ್ನು ಮರೆಯಲಾರೆ, ನಾನು ಎಂಥ ಕೆಟ್ಟವಳು. ಎರಡು ಹೊತ್ತು ಊಟ ಮಾಡಿಕೊಂಡು ಸುಮ್ಮನಿರಲು ಇವಳಿಗೇನು ಧಾಡಿ ಎಂದು ಮಸಿ ಹಾಕುತ್ತಲೇ ಅವಳು ಬೈಯುತ್ತಿದ್ದಳು. ಗಂಡಸರಿಬ್ಬರೂ ಚಹಾ ಕುಡಿದ ಲೋಟವನ್ನು ತೊಳೆದಿಡುವ ಜಾತಿಯವರಲ್ಲ, ಅವರಿಗಾಗಿ ಇನ್ನೂರು ವಾರ ಕಣ್ಣೀರು. ಆ ಕಣ್ಣೀರನ್ನು ಹನಿ ಹನಿಯಾಗಿ ಬರೆದವಳು ತಾನೇ ಆದ್ದರಿಂದ ಬೈಯುವ ಹಕ್ಕು ತನಗಿದೆ ಎಂದು ಅವಳ ಲೆಕ್ಕ. ಮೇಷ್ಟ್ರು ಅದನ್ನು ಕೇಳಿ ನಗುತ್ತಿದ್ದ. ಕಿಟಕಿ ನಗುತ್ತಿರಲಿಲ್ಲ, ಅವನಿಗೆ ಕತೆಯೇ ಗೊತ್ತಿರುತ್ತಿರಲಿಲ್ಲ, ತನ್ನ ಪಾಲಿನ ಗೋಡೆಗಳನ್ನಷ್ಟೇ ನೋಡುತ್ತಿದ್ದ.

ಹತ್ತು ತಿಂಗಳ ಹಿಂದೆ, ಒಂದು ಮಧ್ಯಾಹ್ನ, ಕಿಟಕಿ ಇದ್ದಕ್ಕಿದ್ದಂತೆ, ಮಸಿಯಕ್ಕ, ಸ್ವಲ್ಪ ಆ ಕೊನೇಲಿ ಹೋಗಿ ನಿಂತ್ಕೊಳ್ತೀರಾ ಎಂದು ಕೇಳಿದ್ದ. ಸೈಕಲ್ಲಿನವನು ದೂರದ ಕಿಟಕಿಯ ಬಳಿ ನಿಂತಿರುವ ಚೌಕ; ಅಷ್ಟು ದೂರದ, ಬೆರಳುದ್ದದ ಮನುಷ್ಯ ಹಿನ್ನೆಲೆಯ ಲೆಕ್ಕಕ್ಕೆ ಸೇರುತ್ತಾನಾದ್ದರಿಂದ ಅವನನ್ನು ಬರೆಯುವುದು ಕಿಟಕಿಯ ಪಾಲಿಗೆ ಬಂದಿತ್ತು. ಕೋಣೆಯಾಚೆಯ ಓಣಿಯಂಥ ಕಾರಿಡಾರಿನ ತುದಿಯಲ್ಲಿ, ಕಿಟಕಿಯ ಅಂಚಿಗೆ ಒರಗಿ ಅವಳು ನಿಂತಳು. ಹತ್ತು ನಿಮಿಷ ಅವನು ಒಂದು ಕಣ್ಣು ಮುಚ್ಚಿ, ಕೈಚಾಚಿ, ಪೆನ್ಸಿಲಿನಿಂದ ಅವಳನ್ನು ಅಳೆದ. ಆ ನೋಟದಲ್ಲಿ ಆಸೆಯೇನೂ ಇರಲಿಲ್ಲ, ಬಾಗಿಲನ್ನು ಅಳೆದರೂ ಹಾಗೆಯೇ ಅಳೆಯುತ್ತಿದ್ದ. ಸಾಕು, ಬನ್ನಿ ಎಂದು ತಿರುಗಿ ಹೋದ. ಅವಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದಳು, ಯಾರೂ ನೋಡುತ್ತಿಲ್ಲವೆಂದು ಗೊತ್ತಾದ ಮೇಲೂ. ಅದನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಮೂರು ದಿನದ ನಂತರ ಪುಟ ಅವಳ ಮೇಜಿಗೆ ಬಂದಾಗ ಆ ಬೆರಳುದ್ದದ ಸೈಕಲ್ಲಿನವನು ಅವಳ ಹಾಗೆಯೇ ನಿಂತಿದ್ದ: ಎಡಗಾಲು ಚಪ್ಪಲಿಯಿಂದ ಅರ್ಧ ಹೊರಗೆ, ಒಂದು ಭುಜ ತುಸು ಇಳಿದು. ತಾನು ಹಾಗೆ ನಿಲ್ಲುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿರಲಿಲ್ಲ, ನಾಲ್ಕು ವರ್ಷದಿಂದ ಪಕ್ಕದಲ್ಲಿ ಕೂತವನಿಗೂ ಗೊತ್ತಿರಲಿಲ್ಲ. ಯಾರೋ ಒಬ್ಬರು ತನ್ನನ್ನು ನೋಡಿದ್ದಾರೆ ಎಂದು ಎದೆ ಝಲ್ಲೆಂದಿತು. ಆ ಚೌಕದಲ್ಲಿ ಕನ್ನಡಕದವನು ಎಡಗಡೆ ನಿಂತು ಮದುವೆಯ ಮಾತೆತ್ತಿದ್ದ. ನಾಯಕಿ ಅವನತ್ತ ನೋಡಬೇಕಿತ್ತು. ಬಾಣ ಎಡಕ್ಕೇ ಇತ್ತು. ಅವಳು ಪಾಪೆಗಳನ್ನು ಬಲಕ್ಕೆ, ಸೈಕಲ್ಲಿನವನಿದ್ದ ಕಡೆಗೆ ಹಾಕಿದಳು. ಹಾಕಿ ಮುಗಿದ ಮೇಲೆ ತಿಳಿಯಿತು. ತಿಳಿದ ಮೇಲೂ ತಿದ್ದಲಿಲ್ಲ, ಪುಟವನ್ನು ಕಟ್ಟಿನೊಳಗೆ ಸೇರಿಸಿ ಕೊಟ್ಟುಬಿಟ್ಟಳು. ಅವತ್ತು ಶೀತವಾಗಿತ್ತು, ಕಣ್ಣು ಉರಿಯುತ್ತಿತ್ತು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವ ಸಂಪಾದಕಿಗೂ ಅದು ಕಾಣಲಿಲ್ಲ. ಕಂಡಿದ್ದು ಓದುಗರಿಗೆ. ಒಂದೇ ವಾರದಲ್ಲಿ ಮೂಟೆಗಟ್ಟಲೆ ಪತ್ರ ಬಂತು. ಬಾಯಲ್ಲಿ ಹೂಂ ಎನ್ನುತ್ತಾಳೆ, ಕಣ್ಣು ಮಾತ್ರ ಕಿಟಕಿಯ ಹತ್ತಿರದವನ ಮೇಲಿದೆ, ಎಂಥ ಕತೆ, ಎಂಥ ಚಿತ್ರ! ಕನ್ನಡಕ ಪಕ್ಷ, ಸೈಕಲ್ ಪಕ್ಷ ಎಂದು ಊರಿಗೆ ಊರೇ ಇಬ್ಭಾಗವಾದಂತೆ ಸಂಪಾದಕಿ ಹಿಗ್ಗಿದರು. ಮುಂದಿನ ತಿಂಗಳೇ ಮದುವೆ ಮಾಡಿಸಿ ಕತೆ ಮುಗಿಸಬೇಕೆಂದಿದ್ದ ಕತೆಗಾರ ಅದನ್ನು ನಲವತ್ತು ವಾರ ಎಳೆದ. ಕಚೇರಿಯ ಚಹಾಕೂಟದಲ್ಲಿ ಎಲ್ಲರೂ ಮೇಷ್ಟ್ರ ಬೆನ್ನು ತಟ್ಟಿದರು. ಇದು ಹೇಗೆ ಹೊಳೆಯಿತು ನಿಮಗೆ ಎಂದು ಸಂಪಾದಕಿ ಕೇಳಿದಾಗ ಅವನು, ಹೊಳೀತು, ಹಾಕಿದೆ ಎಂದಷ್ಟೇ ಹೇಳಿ ಲೋಟದೊಳಕ್ಕೆ ನೋಡಿದ. ಅವಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತ್ತು. ಬಾಣ ಎಡಕ್ಕೆ ಹಾಕಿದವನಿಗೆ ತಪ್ಪು ಯಾರದ್ದೆಂದು ಗೊತ್ತು. ಗೊತ್ತಿದ್ದೂ ಅವಳನ್ನು ಕಾಪಾಡುತ್ತಿದ್ದಾನೆ. ಸುಮ್ಮನೆ ಕೈತಪ್ಪಿನಿಂದಾಯಿತೆಂದು ತಿಳಿದು ಕಾಪಾಡುತ್ತಿದ್ದಾನೆ. ಅಂದಿನಿಂದ ಅವನ ಒಳ್ಳೆಯತನ ಅವಳಿಗೆ ಉಗುರಿನ ಸಂದಿಯ ಮಸಿಯ ಹಾಗಾಯಿತು, ಎಷ್ಟು ಉಜ್ಜಿದರೂ ಹೋಗದು. ಈಗ ಕತೆಗಾರ ಸುಸ್ತಾಗಿ ನಾಯಕಿಯನ್ನು ಕನ್ನಡಕದವನಿಗೇ ಕೊಟ್ಟು ಕೈತೊಳೆದುಕೊಂಡಿದ್ದ. ಎಲ್ಲ ಸೇರಿ ಪುಸ್ತಕವಾಗುತ್ತಿತ್ತು. ಪುಸ್ತಕದಲ್ಲಿ ಆ ಹಳೆಯ ನೋಟ ಹಾಗೇ ಉಳಿದರೆ ಕೊನೆಯ ಮದುವೆಯನ್ನು ಯಾರು ನಂಬುತ್ತಾರೆ ಎಂದು ಸಂಪಾದಕಿಯ ವಾದ. ಅದಕ್ಕೇ ಈ ತಿದ್ದುಪಡಿ.

ಊಟದ ಹೊತ್ತಿಗೆ ಮೇಷ್ಟ್ರು ಮುದ್ರಣದವರ ಜೊತೆ ಮಾತಾಡಲು ಕೆಳಗೆ ಹೋಗಿದ್ದ. ಅವಳೂ ಕಿಟಕಿಯೂ ಡಬ್ಬಿ ಬಿಚ್ಚಿ ಕೂತರು. ಅವನು ತನ್ನ ಪಾಡಿಗೆ ಮದುವೆಮಂಟಪದ ಕಂಬಗಳ ಬಗ್ಗೆ ಹೇಳುತ್ತಿದ್ದ, ಕೊನೆಯ ಅಧ್ಯಾಯಕ್ಕೆ ಕಿಟಕಿಯೇ ಇಲ್ಲದ ಕೋಣೆ ಬೇಕಂತೆ, ಇನ್ನು ತನ್ನ ಹೆಸರು ಬದಲಾಯಿಸಬೇಕು ಎಂದು ನಕ್ಕ. ಅವಳೂ ನಕ್ಕಳು. ಡಬ್ಬಿಯ ಮುಚ್ಚಳ ಹಾಕುತ್ತ ಅವನು, ತುಂಬ ದಿನದಿಂದ ಕೇಳಬೇಕು ಅಂತಿದ್ದೆ ಎಂದ.

"ಆ ಕಣ್ಣು ನೀವೇ ಹಾಕಿದ್ದಲ್ವಾ, ಮಸಿಯಕ್ಕ? ಮೇಷ್ಟ್ರು ಹೇಳಿ ಹಾಕ್ಸಿದ್ದಲ್ಲ ಅನ್ಸುತ್ತೆ ನಂಗೆ."

ಹತ್ತು ತಿಂಗಳಲ್ಲಿ ಅವಳಿಗೆ ಈ ಪ್ರಶ್ನೆ ಕೇಳಿದವನು ಇವನೊಬ್ಬನೇ. ಹೂಂ ಎಂದರೆ ಮುಂದಿನ ಪ್ರಶ್ನೆ ಯಾಕೆ ಎಂದು. ಆ ಯಾಕೆಗೆ ಉತ್ತರ ಅವನ ಮುಖವೇ. ಇಲ್ಲಪ್ಪ, ಅವರು ಬಾಣ ಹಾಕಿದ್ದ ಕಡೆಗೇ ಹಾಕಿದ್ದು, ನಂದೇನಿದೆ ಅದರಲ್ಲಿ ಎಂದುಬಿಟ್ಟಳು. ಅವನು ಓ ಎಂದ. ಓ ಎಂದು ಎದ್ದು ಡಬ್ಬಿ ತೊಳೆಯಲು ಹೋದ. ಅದು ಸಮಾಧಾನದ ಓ ಆಗಿತ್ತೋ, ಬೇಸರದ್ದೋ, ಬರೀ ಡಬ್ಬಿ ತೊಳೆಯುವ ಅವಸರದ್ದೋ ಅವಳಿಗೆ ತಿಳಿಯಲಿಲ್ಲ. ಬೇಸರವಾಗಿರಲಿ ಎಂದು ಮನಸ್ಸು ಆಸೆಪಟ್ಟಿದ್ದಕ್ಕೆ ನಾಚಿಕೆಯಾಯಿತು. ಮೂವತ್ತೆರಡು ತುಂಬಿದ ಹೆಂಗಸು, ಸಂಜೆ ಮನೆ ನೋಡಲು ಹೋಗುವವಳು, ಒಂದು ಓ ಹಿಡಿದುಕೊಂಡು ಕೂತಿದ್ದಾಳೆ. ನಾಯಕಿಯಾದರೂ ಎಷ್ಟೋ ವಾಸಿ, ಅವಳ ಹಿಂದೆ ನಿಜವಾಗಿಯೂ ಇಬ್ಬರಿದ್ದರು. ತಾನು ಹೇಳಿದ ಸುಳ್ಳಿನ ಅಳತೆ ನೋಡಿಯೇಬಿಡೋಣವೆಂದು ಅವಳು ಲಕೋಟೆ ಬಿಚ್ಚಿದಳು.

ಕಾಗದ ಸ್ವಲ್ಪ ಹಳದಿಯಾಗಿತ್ತು. ಒಂದನೆಯ ಚೌಕ, ನೀಲಿ ಬಾಣ ಕೆಳಕ್ಕೆ. ಎರಡನೆಯದು, ಎಡಕ್ಕೆ. ಮೂರನೆಯದು, ಎಡಕ್ಕೆ. ನಾಲ್ಕನೆಯದರಲ್ಲಿ ಬಾಣವಿರಲಿಲ್ಲ. ಐದನೆಯದು, ಕೆಳಕ್ಕೆ. ಅವಳು ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಉಜ್ಜಿದ್ದರೆ ಕಾಗದದ ಮೈ ಎದ್ದಿರುತ್ತದೆ, ಬೆರಳಾಡಿಸಿದಳು, ನುಣ್ಣಗಿತ್ತು. ಅಲ್ಲಿ ಯಾರೂ ಏನನ್ನೂ ಅಳಿಸಿರಲಿಲ್ಲ, ಯಾಕೆಂದರೆ ಅಲ್ಲಿ ಯಾರೂ ಏನನ್ನೂ ಬರೆದಿರಲಿಲ್ಲ. ಎಡಕ್ಕೆ ತೋರಿಸುವ ಬಾಣವನ್ನು ಹತ್ತು ತಿಂಗಳು ಕಣ್ಣಿಗೆ ಕಟ್ಟಿದಂತೆ ಕಂಡವಳು ಅವಳು. ಅದರ ಮೊನೆ ಸ್ವಲ್ಪ ಸೊಟ್ಟಗಿತ್ತು ಎಂಬುದೂ ನೆನಪಿತ್ತು. ಆ ಮೊನೆಯನ್ನು ಬರೆದುಕೊಂಡವಳು ತಾನೇ. ಐದು ವರ್ಷದಲ್ಲಿ ಒಂದು ಚೌಕವನ್ನೂ ಬಾಣವಿಲ್ಲದೆ ಬಿಡದ ಮನುಷ್ಯ, ಕತೆಯಲ್ಲೇ ಅತಿ ಮುಖ್ಯವಾದ ಚೌಕಕ್ಕೆ ಬಾಣ ಮರೆಯುತ್ತಾನೆಯೇ. ಆ ವಾರ ಅವನು ಎರಡು ಸಲ ಬಂದು, ಹನ್ನೊಂದನೇ ಪುಟ ಆಯ್ತಾ ಎಂದು ಕೇಳಿದ್ದು ಈಗ ನೆನಪಾಯಿತು. ಮುಗಿದ ಪುಟವನ್ನು ಬಹಳ ಹೊತ್ತು ನೋಡಿ, ಚೆನ್ನಾಗಿದೆ ಎಂದು ಹೇಳಿ, ಯಾವತ್ತೂ ಕರೆಯದೆ ಹೋಗದವನು ಅವತ್ತು ಒಬ್ಬನೇ ಚಹಾಕ್ಕೆ ಹೋಗಿದ್ದ. ಆಮೇಲೆ ಮದುವೆಯ ಮಾತು ಬಂದಾಗಲೆಲ್ಲ, ಅವಸರ ಏನಿದೆ ಎಂದು ಎರಡು ಸಲ ಮುಂದೆ ಹಾಕಿದ್ದೂ ಅವನೇ. ಅವನು ನಿಧಾನದ ಪ್ರಾಣಿ ಎಂದುಕೊಂಡು ಅವಳು ಒಳಗೊಳಗೇ ಹಗುರಾಗಿದ್ದಳು. ಎಂಥ ದಡ್ಡತನ!

ನಾಲ್ಕು ಗಂಟೆಗೆ ಕಿಟಕಿ ಮಂಟಪದ ಕಂಬಗಳ ನಕ್ಷೆ ಹಿಡಿದು ಕೆಳಗೆ ಹೋದ. ಮೇಷ್ಟ್ರು ತನ್ನ ಮೇಜಿನಲ್ಲಿ ಕೊನೆಯ ಅಧ್ಯಾಯದ ಅತಿಥಿಗಳ ತಲೆಗಳನ್ನು ಬರೆಯುತ್ತಿದ್ದ. ಅವಳು ಪುಟ ಹಿಡಿದು ಅವನ ಪಕ್ಕದಲ್ಲಿ ನಿಂತಳು. ನಾಲ್ಕನೇ ಚೌಕಕ್ಕೆ ನೀವು ಬಾಣ ಹಾಕಿಲ್ಲ ಎಂದಳು. ಅವನು ಪೆನ್ಸಿಲು ನಿಲ್ಲಿಸದೆ ಇಲ್ಲ ಎಂದ. ಮರೆತ್ರಾ ಎಂದು ಕೇಳಿದ್ದಕ್ಕೆ ಇನ್ನೊಂದು ತಲೆಯನ್ನು ಪೂರ್ತಿ ಮುಗಿಸಿದ.

"ನಿನ್ನನ್ನೇ ಕೇಳಿದ್ದು ಅದು. ಬಾಯಿಬಿಟ್ಟು ಕೇಳೋಕೆ ಧೈರ್ಯ ಸಾಲ್ಲಿಲ್ಲ. ಆ ಪುಟಕ್ಕೆ ಬಾಣ ಹಾಕೋದು ಇನ್ನೂ ಬಾಕಿ ಇತ್ತು, ನಿನ್ನನ್ನ ಅಲ್ಲಿ ನಿಲ್ಸಿ ಅವನು ಬರೀತಿದ್ದಾಗ ನಾನು ಬಾಗ್ಲಲ್ಲಿದ್ದೆ. ಅವನು ಹೋದ್ಮೇಲೂ ನೀನು ನಿಂತೇ ಇದ್ದೆ."

ಅವಳಿಗೆ ಮೊದಲು ಬಂದದ್ದು ಸಿಟ್ಟು. ನಾಲ್ಕು ವರ್ಷದಲ್ಲಿ ಮೊದಲ ಸಲ. ಪರೀಕ್ಷೆಯೆಂದು ಹೇಳದೆ ಪರೀಕ್ಷೆಗೆ ಕೂರಿಸಿ, ಉತ್ತರಪತ್ರಿಕೆಯನ್ನು ಹತ್ತು ತಿಂಗಳು ಜೇಬಿನಲ್ಲಿಟ್ಟುಕೊಂಡು ಅವಳಿಗೆ ಬಿಸ್ಕತ್ತಿನ ದೊಡ್ಡ ತುಂಡು ಕೊಟ್ಟಿದ್ದಾನೆ. ಎಲ್ಲರೂ ಬೆನ್ನು ತಟ್ಟುವಾಗ ಅವನಿಗೆ ಆ ಒಂದೊಂದು ತಟ್ಟೂ ಹೇಗಿತ್ತೋ ಎಂದು ಮರುಕ್ಷಣವೇ ಅನಿಸಿ ಸಿಟ್ಟು ಅರ್ಧಕ್ಕೇ ನಿಂತಿತು. ಅವನ ಕುತ್ತಿಗೆಯ ಹಿಂದೆ ಕೂದಲು ಬೆಳ್ಳಗಾಗುತ್ತಿತ್ತು. ಇದನ್ನು ಅವಳು ಇವತ್ತೇ ನೋಡಿದ್ದು.

"ಗೊತ್ತಿದ್ದೂ ಮನೆ ಯಾಕೆ ನೋಡಿದ್ರಿ?"

"ನೀನು ಬರ್ತೀನಿ ಅಂದ್ಯಲ್ಲ."

ಅಷ್ಟೇ. ಬೈಯಲಿಲ್ಲ, ಚುಚ್ಚಲೂ ಇಲ್ಲ. ಕಳೆದ ವಾರ ಅವನು ಮನೆಯ ವಿಷಯ ಹೇಳಿದಾಗ ಅವಳು ನಿಬ್ಬು ತೊಳೆಯುತ್ತಿದ್ದಳು, ತಲೆಯೆತ್ತದೆ ಬರ್ತೀನಿ ಎಂದಿದ್ದಳು. ಬಸ್ಸಿನ ಹೂಂ, ನಿಬ್ಬಿನ ಬರ್ತೀನಿ. ಅವನಿಗೆ ಸಿಕ್ಕ ಮಾತೆಲ್ಲ ಬೇರೇನೋ ಮಾಡುತ್ತ ಎಸೆದದ್ದೇ. ಇವತ್ತು ಆರು ಗಂಟೆಗೆ ಹೋದರೆ ಅವನ ತಾಯಿ ಅಡುಗೆಮನೆಯ ಕಪಾಟುಗಳನ್ನು ತೆಗೆದು ತೋರಿಸುತ್ತಾರೆ, ಮಗಳೇ, ಇಲ್ಲಿ ನಿನ್ನ ಪಾತ್ರೆ ಇಟ್ಟುಕೋ ಎನ್ನುತ್ತಾರೆ, ಅವಳು ತಲೆಯಾಡಿಸುತ್ತಾಳೆ, ನಾಳೆ ಬೀಗದ ಕೈ ಬರುತ್ತದೆ. ಆಮೇಲೆ ಮೂವತ್ತು ನಲವತ್ತು ವರ್ಷ ಅವನು ಏನೂ ಕೇಳುವುದಿಲ್ಲ. ಅವನು ಕೇಳುವುದಿಲ್ಲವೆಂಬುದು ಅವಳಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಕೇಳದೆ ಅವಳ ಕಣ್ಣನ್ನು ನೋಡುತ್ತ ಇರುತ್ತಾನೆ.

"ನಾನು ಬರಲ್ಲ," ಎಂದಳು. "ಇವತ್ತೂ ಬರಲ್ಲ, ಆಮೇಲೂ ಬರಲ್ಲ."

ಅವನು ಪೆನ್ಸಿಲು ಕೆಳಗಿಟ್ಟ. ಕಿಟಕಿಗೆ ಗೊತ್ತಾ ಎಂದು ಕೇಳಿದ. ಗೊತ್ತಾಗೋಕೆ ಅಲ್ಲೇನಿದೆ, ಅವನು ಏನೂ ಕೇಳಿಲ್ಲ, ನಾನೂ ಏನೂ ಹೇಳಿಲ್ಲ, ಹೇಳೋದೂ ಇಲ್ಲವೋ ಏನೋ ಎಂದಳು. ಅದು ನಿಜವಾಗಿತ್ತು. ಕಿಟಕಿಯ ಜೊತೆ ಒಂದು ಮನೆ, ಒಂದು ಕಪಾಟು ಎಂದು ಯೋಚಿಸಲು ಹೋದರೆ ಅವಳಿಗೆ ಏನೂ ಕಾಣುತ್ತಿರಲಿಲ್ಲ, ಕಾರಿಡಾರಿನ ತುದಿಯಲ್ಲಿ ನಿಂತ ತಾನೊಬ್ಬಳೇ ಕಾಣುತ್ತಿದ್ದಳು. ಮತ್ತೆ ಯಾಕೆ, ಎಂದ ಮೇಷ್ಟ್ರು. ಅವನ ದನಿಯಲ್ಲಿ ನಿಜವಾದ ಕುತೂಹಲವಿತ್ತು, ಪಾಠ ತಿಳಿಯದ ಹುಡುಗನಲ್ಲಿರುವಂತೆ. ಯಾರೂ ಇಲ್ಲದಿದ್ದರೆ, ತನ್ನ ಜಾಗಕ್ಕೆ ಇನ್ನೊಬ್ಬರು ಬರುವುದೇ ಇಲ್ಲವಾದರೆ, ತಾನು ಯಾಕೆ ಆಗಬಾರದು ಎಂಬುದು ಅವನ ಪ್ರಶ್ನೆ.

"ನಿಮ್ಮ ಪಕ್ಕದಲ್ಲಿ ಕೂತು ಇನ್ನೆಲ್ಲೋ ನೋಡ್ತಾ ಇರೋಕೆ ನನ್ನ ಕೈಲಾಗಲ್ಲ. ನೀವು ಅದನ್ನ ನೋಡಿಯೂ ಸುಮ್ನಿರ್ತೀರಿ. ಅದು ಇನ್ನೂ ಕಷ್ಟ."

ಕೆಳಗಿನ ಬೀದಿಯಲ್ಲಿ ಯಾರೋ ಲಾರಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು, ಬರಲಿ ಬರಲಿ ಎಂದು ಕೂಗು ಕೇಳುತ್ತಿತ್ತು. ಕಡೆಗೆ ಅವನು, ಅಮ್ಮನಿಗೆ ನಾನೇ ಹೇಳ್ತೀನಿ, ನೀನು ಬರಬೇಡ ಎಂದ. ಗಡಿಯಾರ ನೋಡಿ, ನಾಲ್ಕೂ ಇಪ್ಪತ್ತಾಯ್ತು, ಬಿಳಿ ಒಣಗೋಕೇ ಹತ್ತು ನಿಮಿಷ ಬೇಕಲ್ಲ ಎಂದ.

ಅವಳು ತನ್ನ ಮೇಜಿಗೆ ಬಂದಳು. ಅಳು ಬರುತ್ತದೆಂದು ಕಾದಳು, ಬರಲಿಲ್ಲ, ಹಸಿವಾದಂತಾಯಿತು. ಸಣ್ಣ ಕುಂಚದಲ್ಲಿ ಬಿಳಿ ತೆಗೆದುಕೊಂಡು ನಾಯಕಿಯ ಪಾಪೆಗಳನ್ನು ಮುಚ್ಚಿದಳು. ಕುರುಡಾದ ನಾಯಕಿ ಯಾರನ್ನೂ ನೋಡದೆ ಹತ್ತು ನಿಮಿಷ ಹಾಗೇ ಇದ್ದಳು, ಇಷ್ಟು ವರ್ಷಗಳಲ್ಲಿ ಅವಳ ಮುಖ ಇಷ್ಟು ನೆಮ್ಮದಿಯಾಗಿ ಕಂಡದ್ದು ಇದೇ ಮೊದಲು. ಮೇಷ್ಟ್ರು ಎದ್ದು ಬಂದು ಹಿಂದೆ ನಿಂತ. ಪುಟ ಅವನದು, ತಿದ್ದುಪಡಿಯಾಗುವಾಗ ನಿಲ್ಲುವುದು ವಾಡಿಕೆ. ಅವಳು ನಿಬ್ಬನ್ನು ಮಸಿಯಲ್ಲಿ ಅದ್ದಿ, ಅಂಚಿಗೆ ಒರೆಸಿ, ಉಸಿರು ಹಿಡಿದು ಮೊದಲ ಪಾಪೆಯ ಗೆರೆ ಎಳೆದಳು.

"ಇನ್ನೂ ಸ್ವಲ್ಪ ಎಡಕ್ಕೆ," ಎಂದ ಅವನು.

ಅವಳು ಗೆರೆಯನ್ನು ಎಡಕ್ಕೆ ಬೆಳೆಸಿದಳು. ಎರಡನೆಯ ಕಣ್ಣನ್ನೂ ಅದರ ಜೊತೆಗೆ ತಂದಳು. ರೆಪ್ಪೆಯನ್ನು ಕೂದಲೆಳೆಯಷ್ಟು ಕೆಳಗಿಳಿಸಿದಳು, ಒಪ್ಪಿಗೆಯ ಕಣ್ಣಿಗೆ ಅದು ಬೇಕು. ಬೆಳಕಿನ ಚುಕ್ಕೆಗಳು ಸರಿಯಾದ ಜಾಗದಲ್ಲಿ ಉಳಿದವು. ಕನ್ನಡಕದವನನ್ನು ನಾಯಕಿ ಈಗ ಅಷ್ಟು ಪ್ರೀತಿಯಿಂದ ನೋಡುತ್ತಿದ್ದಳು, ಹುಟ್ಟಿದಾಗಿನಿಂದ ಇನ್ನೊಬ್ಬರನ್ನು ನೋಡಿಯೇ ಇಲ್ಲವೆಂಬಂತೆ.

ಮೇಷ್ಟ್ರು ಬಗ್ಗಿ ನೋಡಿದ. ಅವನ ಉಸಿರು ಅವಳ ಕಿವಿಯ ಹತ್ತಿರವಿತ್ತು.

"ಸಾಕು," ಎಂದ. "ಈಗ ಯಾರು ಬೇಕಾದ್ರೂ ನಂಬ್ತಾರೆ."

ಸಂಪಾದಕಿ ಬಾಗಿಲಲ್ಲಿ ಬಂದು ನಿಂತು ಆಯ್ತಾ ಎಂದು ಕೇಳಿದರು. ಆಯ್ತು ಎಂದು ಇಬ್ಬರೂ ಒಟ್ಟಿಗೇ ಹೇಳಿದರು.